ಹ್ಯಾಂಬರ್ಗಿಗೆ ಹೋದ ಚೀಲಗಳು

ನಾನು ಒಂದು ತಗಡಿನ ಅಚ್ಚು. ಮಂಗಳೂರಿನ ಬಂದರಿನಲ್ಲಿ ಇದಿನಬ್ಬ ಎಂಬ ತಗಡು ಕೆಲಸದವರಿದ್ದರು. ಹಳೆಯ ಎಣ್ಣೆ ಡಬ್ಬಿಯೊಂದನ್ನು ಬಿಚ್ಚಿ, ಸುತ್ತಿಗೆಯಿಂದ ತಟ್ಟಿ ಮಟ್ಟಸ ಮಾಡಿ, ಒಂದೊಂದೇ ಇಂಗ್ಲಿಷ್ ಅಕ್ಷರ ಕೊರೆದು ಅವರು ನನ್ನನ್ನು ಮಾಡಿದರು. ಗೋಣಿಚೀಲದ ಮೇಲೆ ನನ್ನನ್ನಿಟ್ಟು ಕಪ್ಪು ಮಸಿಯ ಬ್ರಷ್ ಆಡಿಸಿದರೆ ‘ಹ್ಯಾಂಬರ್ಗ್’ ಎಂದು ಮೂಡುತ್ತದೆ.

ನನ್ನನ್ನು ಮಾಡಿಸಿದವರು ವೈಕುಂಠ ಪ್ರಭುಗಳು. ಪುತ್ತೂರು, ಸುಳ್ಯದ ಕಡೆಯಿಂದ ಚಾಕಲೇಟಿಗೆ ಬಳಸುವ ಕೊಕ್ಕೊ ಬೀಜ ತರಿಸಿ ಹಡಗಿಗೆ ಹಾಕುವುದು ಅವರ ವ್ಯಾಪಾರ. ಅವರ ಗೋದಾಮಿನಲ್ಲಿ ಬೀಜ ಹೆಕ್ಕಿ, ಚೀಲ ಹೊಲಿದು, ಮಸಿ ಹಚ್ಚುವ ಕೆಲಸ ಸೆವ್ರಿನ್ ಬಾಯಿಯದು. ಅವಳಿಗೆ ಇಂಗ್ಲಿಷ್ ಓದಲು ಬಾರದು. ಮೊದಲ ದಿನವೇ ಇದು ಯಾವ ಊರಿನ ಹೆಸರೆಂದು ಕೇಳಿದಳು. ಪ್ರಭುಗಳು ಹೇಳಿದ ಕೂಡಲೇ ಅವಳ ಕೈ ನಿಂತಿತು. ಅವಳ ಒಬ್ಬಳೇ ತಂಗಿ ರೆಜಿನಾ ಕಾನ್ವೆಂಟಿನ ಸಿಸ್ಟರಾಗಿ, ಅದೇ ಊರಿನ ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗೆಂದು ಹೋಗಿದ್ದಳು. ಮನೆಗೆ ಬರುವ ರಜೆ ಅಪರೂಪಕ್ಕೊಮ್ಮೆ.

“ಈ ಚೀಲಗಳೆಲ್ಲ ನನ್ನ ತಂಗಿಯ ಊರಿಗಾ ಪ್ರಭುಗಳೇ?”

“ಹೌದು ಬಾಯಿ, ಅಲ್ಲಿಯೇ ಇಳಿಸುವುದು.”

ಅಂದಿನಿಂದ ನನ್ನನ್ನು ಬೇರೆಯವರು ಮುಟ್ಟಲು ಅವಳು ಬಿಡಲಿಲ್ಲ. ಒಂದು ಅಕ್ಷರದ ಅಂಚು ಹರಡಿದರೂ ಚೀಲ ಬದಲಿಸುತ್ತಿದ್ದಳು. ಆಗ ಬೀಜಕ್ಕೆ ಒಳ್ಳೆಯ ಕಾಲ. ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ಹುಳಿ ವಾಸನೆ ಗೋದಾಮು ದಾಟಿ ಬೀದಿಗೆ ಹರಿಯುತ್ತಿತ್ತು. ಮಸಿ ಒಣಗುವ ಮೊದಲೇ ಚೀಲಗಳು ಪಣಂಬೂರಿನ ಹಡಗುಕಟ್ಟೆಗೆ ಹೊರಡುತ್ತಿದ್ದವು. ಅವು ಹೋಗುತ್ತಿದ್ದವು, ನಾನು ಉಳಿಯುತ್ತಿದ್ದೆ. ಸೆವ್ರಿನ್ ಬಾಯಿಯೂ ಬಾಗಿಲಿನ ತನಕ ಬಂದು, ಲಾರಿ ತಿರುವು ದಾಟುವವರೆಗೆ ನಿಂತಿರುತ್ತಿದ್ದಳು.

ಆಮೇಲೆ ಬೀಜದ ಧಾರಣೆ ಬಿತ್ತು. ಹೊರದೇಶದವರು ಬೇಡವೆಂದರು, ಇಲ್ಲಿ ಕೊಳ್ಳುವವರಿರಲಿಲ್ಲ. ಬೆಳೆದವರು ಕಾಯಿ ಕೊಯ್ಯುವುದನ್ನು ಬಿಟ್ಟರು. ಕೆಲವರು ಗಿಡಗಳನ್ನೇ ಕಡಿದರು. ಗೋದಾಮಿನ ಅರ್ಧ ಭಾಗದಲ್ಲಿ ಒಣಮೆಣಸು ಬಂದು ಕುಳಿತಿತು. ನಾನು ಗೋಡೆಯ ಮೊಳೆ ಸೇರಿದೆ.

ರೆಜಿನಾ ಬಂದದ್ದು ಆ ದಿನಗಳಲ್ಲಿ. ಬೂದು ಬಣ್ಣದ ಉಡುಗೆ, ಅಕ್ಕನದೇ ಮೂಗು. ಸೆವ್ರಿನ್ ಬಾಯಿ ಅವಳನ್ನು ಗೋದಾಮಿಗೆ ಕರೆತಂದು, ಬೆಂಚಿನ ಮೇಲೆ ಕೂರಿಸಿ, ನನ್ನನ್ನು ಇಳಿಸಿ ಅವಳ ಮಡಿಲಲ್ಲಿಟ್ಟಳು. ಇಷ್ಟು ವರ್ಷ ತಾನು ಮಾಡಿದ ಕೆಲಸವನ್ನೆಲ್ಲ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ನಮ್ಮ ಚೀಲ ನಿನಗೆ ಅಲ್ಲಿ ಕಾಣ್ಲಿಕ್ಕೆ ಸಿಕ್ಕಿತಾ?”

ರೆಜಿನಾ ಸುಳ್ಳು ಹೇಳಲಿಲ್ಲ. ರಜೆ ಸಿಕ್ಕ ಭಾನುವಾರಗಳಲ್ಲಿ ತಾನು ಹಡಗುಕಟ್ಟೆಯ ಗೋದಾಮುಗಳತ್ತ ನಡೆದು ಹೋಗುತ್ತಿದ್ದುದನ್ನು ಹೇಳಿದಳು. ಅಲ್ಲಿ ಆಫ್ರಿಕಾದ ಚೀಲಗಳು ಗುಡ್ಡದಂತೆ ಬಿದ್ದಿರುತ್ತವೆ, ಅವುಗಳ ನಡುವೆ ನಮ್ಮ ಊರಿನದು ಒಂದು ಹಿಡಿಯೂ ಅಲ್ಲ ಎಂದಳು.

“ತುಂಬ ಹುಡುಕಿದೆ ಅಕ್ಕ. ಒಂದೂ ಸಿಗ್ಲಿಲ್ಲ.”

ಸೆವ್ರಿನ್ ಬಾಯಿ ನನ್ನ ಅಂಚನ್ನು ಸವರಿದಳು.

“ಹುಡುಕಿದಿಯಲ್ಲ, ಸಾಕು,” ಎಂದಳು.

ರಜೆ ಮುಗಿದು ರೆಜಿನಾ ಹೊರಟುಹೋದಳು. ನಮ್ಮ ನಾಡಿನಲ್ಲೇ ಚಾಕಲೇಟ್ ಕಾರ್ಖಾನೆಗಳು ಬೆಳೆದವು. ಉಳಿದ ಗಿಡಗಳ ಬೀಜವನ್ನೆಲ್ಲ ಅವೇ ಕೊಂಡವು, ಅದೂ ಸಾಲದೆ ಹೊರಗಿನಿಂದ ತರಿಸಿದವು. ಒಂದು ಬೆಳಿಗ್ಗೆ ನಮ್ಮ ಗೋದಾಮಿಗೇ ಆಫ್ರಿಕಾದ ಚೀಲಗಳು ಬಂದಿಳಿದವು. ಅವುಗಳ ಮೇಲೆ ಬೇರೆ ಯಾವುದೋ ಅಚ್ಚಿನ ಅಕ್ಷರಗಳು. ತಲೆ ನರೆತಿದ್ದ ಸೆವ್ರಿನ್ ಬಾಯಿ ಆ ಮಸಿಯ ಮೇಲೆ ಬೆರಳಿಟ್ಟು, ಇದನ್ನು ಹಚ್ಚಿದವಳ ಕೈ ಸ್ಥಿರವಾಗಿದೆ ಎಂದು ಹೊಗಳಿದಳು. ಆ ಅಚ್ಚು ಎಲ್ಲಿ ತೂಗುತ್ತಿದೆಯೋ ಎಂದು ನಾನು ಯೋಚಿಸಿದೆ.

ಪ್ರಭುಗಳ ನಂತರ ಮಗಳು ಶುಭದಾ ವ್ಯಾಪಾರ ಹಿಡಿದಳು. ಅವಳು ಹೊರಗೆ ಕಳಿಸಿದ್ದು ಬೀಜವನ್ನಲ್ಲ, ಬೀಜದಿಂದ ತೆಗೆದ ಬೆಣ್ಣೆಯನ್ನು. ರಟ್ಟಿನ ಪೆಟ್ಟಿಗೆಗಳಲ್ಲಿ, ಅಂಟಿಸುವ ಚೀಟಿಯೊಂದಿಗೆ. ಅವು ಹೋದದ್ದು ಬೇರೆ ಊರುಗಳಿಗೆ. ಕೆಲಸ ಬಿಡುವ ದಿನ ಸೆವ್ರಿನ್ ಬಾಯಿ ನನ್ನನ್ನು ಕೇಳಿ ಪಡೆದು, ಬೋಳಾರದ ತನ್ನ ಮನೆಗೆ ತಂದಳು.

ಕಳೆದ ವರ್ಷ ಶುಭದಾ ವ್ಯಾಪಾರದ ಮಾತಿಗೆಂದು ಹ್ಯಾಂಬರ್ಗಿಗೆ ಹೊರಟಳು. ರೆಜಿನಾ ಆಗ ಅಲ್ಲಿನ ವೃದ್ಧ ಸಿಸ್ಟರುಗಳ ಮನೆಯಲ್ಲಿದ್ದಳು. ಮತ್ತೆ ಪ್ರಯಾಣ ಮಾಡುವ ಶಕ್ತಿ ಅವಳಲ್ಲಿರಲಿಲ್ಲ. ಸೆವ್ರಿನ್ ಬಾಯಿ ಗೋಣಿಯ ತುಂಡಿನಿಂದ ಸಣ್ಣ ಚೀಲ ಹೊಲಿದಳು. ಹುರಿದ ಬೀಜ ತುಂಬಿ ಚೀಲದ ಬಾಯಿ ಕಟ್ಟಿದಳು. ನನ್ನನ್ನು ಅದರ ಮೇಲಿಟ್ಟಳು. ಅಕ್ಷರಗಳಿಗೆ ಚೀಲದ ಅಗಲ ಸಾಲಲಿಲ್ಲ, ಕೊನೆಯವೆರಡು ಹಿಂಬದಿಗೆ ಹೋದವು. ಮಸಿ ಅಂಚು ದಾಟಿ ಹರಡಿತು. ಈ ಬಾರಿ ಅವಳು ಚೀಲ ಬದಲಿಸಲಿಲ್ಲ.

ಆ ವರ್ಷ ನಮ್ಮ ಗೋದಾಮಿನವರಿಂದ ಆ ಊರಿಗೆ ಹೋದ ಕೊಕ್ಕೊ ಅಷ್ಟೇ.

ರೆಜಿನಾ ಅದನ್ನು ತಿರುಗಿಸಿ ತಿರುಗಿಸಿ ಓದಿದಳಂತೆ. ಬಿಚ್ಚಿ ಕೊಡುತ್ತೇನೆಂದ ನರ್ಸಿಗೆ ಬೇಡವೆಂದು, ಸಂಜೆಯವರೆಗೂ ಮಡಿಲಲ್ಲಿಟ್ಟುಕೊಂಡೇ ಕುಳಿತಳಂತೆ. ಶುಭದಾ ಬಂದು ಇದನ್ನು ಹೇಳುವಾಗ ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ನನ್ನ ಅಂಚುಗಳು ತುಕ್ಕು ಹಿಡಿದಿವೆ. ನನ್ನ ಮೇಲೆ ಉಳಿದ ಆ ಮಸಿಯನ್ನು ಸೆವ್ರಿನ್ ಬಾಯಿ ಇನ್ನೂ ತೊಳೆದಿಲ್ಲ. ಅಕ್ಕಿ ಆರಿಸುತ್ತಾ ಒಮ್ಮೊಮ್ಮೆ ನನ್ನತ್ತ ನೋಡಿ, “ಅಲ್ಲಿ ಈಗ ಬೆಳಗಾಗಿರಬಹುದು,” ಎನ್ನುತ್ತಾಳೆ.