ಎಡಮೀಸೆ

ಮ್ಯಾಂಡರಿನ್ ಕಿತ್ತಳೆ ಸಿಪ್ಪೆಯ ವಾಸನೆ, ಈ ಹುಡುಗಿಯ ಕೈಯಿಂದಲೇ, ಬಸ್ಸಿನಲ್ಲಿ ಸುಲಿದು ತಿಂದಿರಬೇಕು, ಅಂಟಂಟು ಬೆರಳುಗಳು ಹಳೇ ಫೋರ್ಡ್ ಗಾಡಿಯ ಮೂತಿಯ ಹ್ಯಾಂಡಲ್ಲಿನ ಮೇಲೆ ಎಬೆರನ ಕೈಗೆ ಒತ್ತಿಕೊಂಡು, ಹೆಬ್ಬೆರಳು ಸುತ್ತಬೇಡ ಮಾಯ್ತೆ, ಬಾಕಿ ಬೆರಳ ಜೊತೆಗೇ ಮಲಗಿರ್ಲಿ, ಹೀಗಾ ಅಜ್ಜ, ಹಾಂ ಹಾಗೆ — ಹೇಳುತ್ತಿರುವಾಗಲೇ, ಎಡಮೀಸೆ ಮೇಲೆತ್ತಿದೆನೋ ಇಲ್ಲವೋ? ಎತ್ತಿರಬೇಕು, ಇಷ್ಟು ವರ್ಷ ಎತ್ತಿದ ಕೈ ಇವತ್ತು ಮರೆಯುತ್ತದೆಯೇ, ಪೆಟ್ರೋಲ್ ಬಿಟ್ಟದ್ದು ನೆನಪಿದೆ, ಹ್ಯಾಂಡ್‌ಬ್ರೇಕ್ ಎಳೆದದ್ದು ನೆನಪಿದೆ, ಆಮೇಲೆ ಮಕ್ಕಳನ್ನು ಸ್ಟೀರಿಂಗ್ ಹತ್ತಿರ ಕರೆದು, ನೋಡ್ರಪ್ಪಾ, ಚಕ್ರದ ಕೆಳಗೆ ಎರಡು ಕಡ್ಡಿ, ಆ ಕಡೆ ಒಂದು ಈ ಕಡೆ ಒಂದು, ಅದಕ್ಕೇ ನಮ್ಮ ಪಾಯ್ಸಂದೂ ಊರಲ್ಲಿ ಇದನ್ನ ಮೀಸೆ ಫೋರ್ಡ್ ಅನ್ನೋದು, ಬಲಮೀಸೆ ಪೆಟ್ರೋಲಿಗೆ, ಎಡಮೀಸೆ ಕಿಡಿಗೆ, ಎನ್ನುತ್ತ ಎಡಮೀಸೆಯನ್ನು ತಿರುವಿ ತೋರಿಸಿದ್ದ, ಮೇಲೆ ಕೆಳಗೆ ಮೇಲೆ ಕೆಳಗೆ, ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು, ಮಕ್ಕಳು ನಕ್ಕರೆ ಇನ್ನೊಂದು ಸಲ ತಿರುವದೆ ಇರಲು ಅವನಿಗೆ ಆಗುವುದಿಲ್ಲ, ಅಷ್ಟರಲ್ಲಿ ಯಾವುದೋ ಮಗುವಿನ ಅಪ್ಪ, ಯಜಮಾನ್ರೇ, ಇದು ಎಷ್ಟು ಸ್ಪೀಡ್ ಹೋಗತ್ತೆ, ಹೆಂಡ್ತಿ ಅಟ್ಟಿಸ್ಕೊಂಡು ಬಂದ್ರೆ ಸಾಲಲ್ಲ ಬಿಡಪ್ಪ, ಎಲ್ಲರೂ ನಕ್ಕರು, ಎಬೆರನೂ ನಗುತ್ತಲೇ ಗಾಡಿಯ ಮುಂದಕ್ಕೆ ಬಂದುಬಿಟ್ಟ. ಮೇಲೆ, ಕೆಳಗೆ, ಮೇಲೆ — ಎಲ್ಲಿ ನಿಂತಿತು?

ಬೇಗ ಅಜ್ಜ, ಬೇಗ, ಮಾಯ್ತೆಯ ಅವಸರ, ಹಗ್ಗದಾಚೆ ಶಾಲೆಮಕ್ಕಳ ಮೂವತ್ತು ಬಿಳಿ ಕೋಟು, ಕೊರಳಲ್ಲಿ ಮೂವತ್ತು ನೀಲಿ ಬೋ, ಹಿಂದೆ ಅಪ್ಪ ಅಮ್ಮಂದಿರು, ಎಲ್ಲರ ಫೋನೂ ಮೇಲೆ, ಪರಂಪರೆಯ ದಿನವೆಂದು ಇಡೀ ಊರೇ ಬಂದಿದೆ, ಅಂಗಳದಲ್ಲಿ ರೊಟ್ಟಿ ಕರಿಯುವ ಕೊಬ್ಬಿನ ಘಾಟು, ಲೊರೆಲೆ ಮೈಕ್ ಹಿಡಿದು ನಿಂತಿದ್ದಾಳೆ, ಮ್ಯೂಸಿಯಮ್ಮಿನ ಶಾಲಾ ಕಾರ್ಯಕ್ರಮವೆಲ್ಲ ಅವಳ ಕೈಯಲ್ಲಿ, ಒಳ್ಳೆಯ ಹುಡುಗಿ, ಒಳ್ಳೆಯವಳಾದ್ದರಿಂದಲೇ ಹೆದರಿಕೆ, ಇವತ್ತು ಅವಳ ಕಣ್ಣು ಗಾಡಿಯ ಮೇಲಿಲ್ಲ, ಅವನ ಮೇಲಿದೆ. ಹೋಗಿ ನೋಡಿಬರಬಹುದು, ನಾಲ್ಕೇ ಹೆಜ್ಜೆ — ಕಳೆದ ಗುರುವಾರವೂ ನಾಲ್ಕೇ ಹೆಜ್ಜೆ, ಇದನ್ನೇ ನೋಡಲು ಹೋದವನು ಗಾಡಿಯ ಬಾಗಿಲ ಮೇಲೆ ಕೈಯಿಟ್ಟು ನಿಂತೇಬಿಟ್ಟ, ಯಾಕೆ ಬಂದೆ, ಈ ಮಕ್ಕಳು ಯಾರವರು, ಎಷ್ಟು ಹೊತ್ತೋ, ಕೊನೆಗೆ ಲೊರೆಲೆ ಮೊಣಕೈ ಹಿಡಿದು ಕುರ್ಚಿಗೆ ಕರೆದೊಯ್ದಳು, ದೊನ್ ಎಬೆರ್, ಬೇಜಾರ್ ಮಾಡ್ಕೋಬೇಡಿ, ಇನ್ನೊಂದ್ ಸಲ ಹೀಗಾದ್ರೆ ಮಕ್ಕಳ ಹತ್ರ ನಿಮ್ಮನ್ನ ಬಿಡೋಕಾಗಲ್ಲ ನಂಗೆ, ಬಿಸಿಲಮ್ಮಾ, ಬಿಸಿಲಿಗೆ ಹಾಗಾಯ್ತು, ಎಂದಿದ್ದ, ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಜಾತಿ. ಗುರುವಾರ ಮಕ್ಕಳು ಬರುತ್ತಾರೆಂದೇ ಬುಧವಾರ ಗಡ್ಡ ಬೋಳಿಸಿಕೊಳ್ಳುತ್ತಾನೆ, ಗುರುವಾರವೂ ಇಲ್ಲವಾದರೆ ಬಾಕಿ ಆರು ದಿನ ಯಾವ ಮುಖಕ್ಕೆ ಬೇಕು.

ಎಲ್ಲರೂ ಎಣಿಸೋಣ್ವಾ ಮಕ್ಕಳೇ, ಮೈಕಿನಲ್ಲಿ ಲೊರೆಲೆ, ಐದೂ — ಎಡಮೀಸೆ ಕೆಳಗಿದ್ದರೆ ಕಿಡಿ ಬೇಗ ಹಾರುತ್ತದೆ, ಇಂಜಿನ್ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ ತಿರುಗಿ ಬಂದು ಹೊಡೆಯುತ್ತದೆ, ಹುಡುಗಿಯನ್ನು ದೂರ ನಿಲ್ಲಿಸಿ ಒಬ್ಬನೇ ಎಳೆದರೆ, ಬಿಡುತ್ತಾಳೆಯೇ, ಹ್ಯಾಂಡಲ್ ಹಿಡಿಯಲೆಂದೇ ಚೀಟಿ ಎತ್ತಿ ಗೆದ್ದು ಬಂದವಳು, ಆದರೂ ಈ ಮಣಿಕಟ್ಟು, ಕಡ್ಡಿಯಷ್ಟು — ನಾಲ್ಕೂ — ಅಪ್ಪನದು ಮರದ ತೊಲೆಯಂಥ ಕೈ, ಅದೇ ಮುರಿಯಿತು, ಎಬೆರನಿಗೆ ಒಂಬತ್ತು, ಸೀಟಿನ ಮೇಲೆ ಕೂತಿದ್ದ, ಮುಂದುಗಡೆಯಿಂದ ಅಪ್ಪ, ಎಡಮೀಸೆ ಎತ್ತಿದ್ಯೇನೋ, ಎತ್ತಿದೀನಪ್ಪಾ, ನೋಡಿರಲಿಲ್ಲ, ನೋಡದೆಯೇ ಹೇಳಿದ, ಬೇಲಿಯಾಚೆ ಯಾರೋ ಗಾಳಿಪಟ ಬಿಡುತ್ತಿದ್ದರು — ಒಣಸೌದೆ ಮುರಿದ ಸದ್ದು, ಅಪ್ಪ ಕಿರುಚಲೂ ಇಲ್ಲ, ಕೂತುಬಿಟ್ಟ, ಆಗ ಎಬೆರ್ ಮೀಸೆಯ ಕಡೆ ನೋಡಿದ, ಎಡಮೀಸೆ ಕೆಳಗಿತ್ತು. ಆಮೇಲೆ ಸಾಯುವತನಕ ಅಪ್ಪ ಎಡಗೈಯಲ್ಲೇ ಮಾತೆ ಸೊಪ್ಪಿನ ಚಹಾ ಬಗ್ಗಿಸಿಕೊಂಡು ಕುಡಿದ, ಒಂದು ದಿನ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು — ಮೂರೂ — ಹುಡುಗಿ ಉಸಿರು ಬಿಗಿಹಿಡಿದಿದ್ದಾಳೆ, ಎತ್ತಿರಬೇಕು, ಎತ್ತಿದ್ದೇನೆ, ಎತ್ತಿದೀನಪ್ಪಾ — ಎರಡೂ —

ನಿಲ್ಲಿ.

ತನ್ನದೇ ದನಿ, ಇಷ್ಟು ಜೋರಾಗಿ, ಫೋನುಗಳ ಹಿಂದಿನ ಮುಖಗಳೆಲ್ಲ ಹೊರಬಂದವು, ಲೊರೆಲೆ ಮೈಕ್ ಇಳಿಸಿದಳು, ದೊನ್ ಎಬೆರ್, ಏನಾಯ್ತು, ಬಿಸಿಲು ಎನ್ನಬಹುದಿತ್ತು, ತಮಾಷೆ ಎನ್ನಬಹುದಿತ್ತು, ನಾಲಿಗೆ ತುದಿಯಲ್ಲೇ ಇತ್ತು. ಮರ್ತೋಯ್ತಮ್ಮಾ ಲೊರೆಲೆ, ಎತ್ತಿದ್ನೋ ಇಲ್ವೋ ಗೊತ್ತಿಲ್ಲ ನಂಗೆ. ಯಾರೂ ನಗಲಿಲ್ಲ. ಮಾಯ್ತೆ, ಕೈ ತೆಗಿ, ಹೋಗಿ ಸೀಟ್ ಮೇಲೆ ಹತ್ತಿ ಕೂತ್ಕೋ, ಏನೂ ಮುಟ್ಬೇಡ, ನಿನ್ನ ಎಡಗಡೆ ಮೀಸೆ ಎಲ್ಲಿದೆ ನೋಡಿ ಹೇಳು, ಸುಮ್ಮನೆ ಹೇಳ್ಬೇಡ, ನೋಡಿ ಹೇಳು. ಬಿಳಿ ಕೋಟು ಗಾಡಿಯ ಪಕ್ಕದಲ್ಲಿ ಓಡಿತು, ಬಾಗಿಲು ಕಿರುಗುಟ್ಟಿತು, ಗಾಜಿನ ಹಿಂದೆ ನೀಲಿ ಬೋ ಬಗ್ಗಿತು, ಎಷ್ಟು ಹೊತ್ತು ನೋಡುತ್ತಾಳೆ, ನೋಡಲಿ, ಲೊರೆಲೆಯ ಹೆಜ್ಜೆ ಹತ್ತಿರ ಬರುತ್ತಿದೆ, ಈಗ ಮೊಣಕೈ ಹಿಡಿಯುತ್ತಾಳೆ, ಹಿಡಿದಳು, ಮೆತ್ತಗೆ. ಅಜ್ಜಾ, ಗಾಜಿನ ಹಿಂದಿನಿಂದ, ಕೆಳಗಿದೆ.

ಕೆಳಗಿದೆ. ಲೊರೆಲೆ ಏನೋ ಹೇಳುತ್ತಿದ್ದಾಳೆ, ಕೇಳಿಸುತ್ತಿಲ್ಲ, ಇದೊಂದನ್ನು ಮರೆಯಬಾರದು, ಎಡಮೀಸೆ, ಕೆಳಗೆ, ಎಡಮೀಸೆ