ಆರು ಬೋಲ್ಟು, ಒಂದು ನಟ್ಟು

ಏರಿನ ನಡುವೆ ಹಿಂದಿನ ಚಕ್ರದ ಬಳಿ ಕಟಕ್ಕೆಂದು ಏನೋ ಮುರಿಯಿತು. ಎಂಜಿನ್ನು ಕೂಗುತ್ತಲೇ ಇತ್ತು, ಜೀಪು ಮಾತ್ರ ಹಿಂದಕ್ಕೆ ಜಾರತೊಡಗಿತು. ಕೈಬ್ರೇಕು ಹಿಡಿಯಲಿಲ್ಲ. ಡ್ರೈವರ್ ಯಂಕೋಬ ಕಾಲುಬ್ರೇಕನ್ನು ಒತ್ತಿ ಹಿಡಿದು ಕೂಗಿದ: "ಧಣಿ, ಲಗೂನ ಇಳದು ಗಾಲಿಗೆ ಕಲ್ಲು ಕೊಡ್ರಿ!"

ಜೀಪಿನ ಧಣಿ ದೇವೇಂದ್ರಪ್ಪ ಪಂಚೆ ಎತ್ತಿಕಟ್ಟಿ ಜಿಗಿದು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ಹಿಂದಿನ ಉದ್ದ ಸೀಟಿನ ಮೇಲೆ ಬಾವಿ ತೋಡುವ ಕೂಲಿ ಮಾರೆಪ್ಪ ಕಣ್ಣು ಮುಚ್ಚಿ ಮಲಗಿದ್ದ. ಹುಲಿಹೈದರದ ದೇವೇಂದ್ರಪ್ಪನ ಬಾವಿಯಲ್ಲಿ ಆ ಬೆಳಿಗ್ಗೆ, ಬಂಡೆ ಒಡೆಯಲು ತುಂಬಿದ್ದ, ಆರಿಹೋಗಿದೆ ಎಂದುಕೊಂಡಿದ್ದ ಮದ್ದು ಮಾರೆಪ್ಪ ಬಗ್ಗಿ ನೋಡುವಾಗಲೇ ಸಿಡಿದಿತ್ತು. ಹೆಂಡತಿ ಗಾಳೆಮ್ಮ ಅವನ ಎಡತೊಡೆಯನ್ನು ಮಡಿಸಿದ ಬಟ್ಟೆಯಿಂದ ಒತ್ತಿ ಹಿಡಿದು ಕೂತಿದ್ದಳು. ಗಂಗಾವತಿಯ ಆಸ್ಪತ್ರೆ ಇನ್ನೂ ಬಹಳ ದೂರವಿತ್ತು.

"ಏನಾತಲೇ?" ದೇವೇಂದ್ರಪ್ಪ ಕೇಳಿದ.

"ಹಿಂದಿನ ಬಲಗಾಲಿ ತಿರಗಸೂ ಶಾಫ್ಟ್ ಮುರದೈತ್ರಿ."

"ಅಷ್ಟ ಏನು? ಮುಂದಿನ ಗಾಲಿ ಗೇರ್ ಹಾಕಿ ಹೊಡಿ. ಕುಷ್ಟಗಿಯಿಂದ ಬರೂಮುಂದ ಹಿಂಗ ಆಗಿತ್ತು. ಫಕ್ರುದ್ದೀನ ಮಿಸ್ತ್ರಿ ಮುರದದ್ದು ಎಳದು ಒಗದ. ಮುಂದಿನ ಗಾಲಿ ಮ್ಯಾಲ ಮನಿ ತನಕ ಬಂದ್ವಿ."

ಅದು ಸುಳ್ಳಲ್ಲ. ಮಿಸ್ತ್ರಿಯೇ ಯಂಕೋಬನಿಗೆ ಆ ಕಥೆ ಹೇಳಿದ್ದ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದ. "ಹೊಡಿಯೂಕಿಂತ ಮೊದ್ಲ ಗಾಲಿ ನಡುವ ನೋಡಪಾ. ಸುತ್ತ ಆರು ಬೋಲ್ಟ್ ಇದ್ರ ಹಳೇ ನಮೂನಿ ಎಕ್ಸಲ್. ಶಾಫ್ಟ್ ಹೋದ್ರೂ ಗಾಲಿ ಜಾಗಾದಾಗ ನಿಲ್ತೈತಿ. ನಡುವ ಒಂದ ದಪ್ಪ ನಟ್ ಇದ್ರ, ಗಾಲಿ ಹಿಡದಿರೂದ ಆ ಶಾಫ್ಟು, ಅದು ಹೋದ್ರ ಗಾಲಿನೂ ಹೋತು."

ಆ ಕುಷ್ಟಗಿಯ ಕಥೆ ಆದಮೇಲೆ, ಹೋದ ದಸರಾ ಹೊತ್ತಿಗೆ, ಈ ಜೀಪಿನ ಹಿಂದಿನ ಎಕ್ಸಲ್ಲು ಬದಲಾಗಿತ್ತು. ಯಂಕೋಬ ಕೆಲಸಕ್ಕೆ ಸೇರಿದ್ದು ಆಮೇಲೆ. ಎರಡು ತಿಂಗಳಿಂದ ಓಡಿಸುತ್ತಿದ್ದರೂ ಅದು ಯಾವ ಬಗೆಯದೆಂದು ಒಮ್ಮೆಯೂ ನೋಡಿರಲಿಲ್ಲ. ಚಕ್ರದ ನಡುವೆ ಗ್ರೀಸು, ಕೆಮ್ಮಣ್ಣು ಸೇರಿ ರೊಟ್ಟಿಯಂತೆ ಗಟ್ಟಿಯಾಗಿತ್ತು. ಮೊಣಕಾಲೂರಿ ಸ್ಕ್ರೂಡ್ರೈವರಿನಿಂದ ಕೆರೆಯತೊಡಗಿದ.

"ಅಣ್ಣಾ, ಮಣ್ಣು ಕೆರಕೊಂತ ಕುಂತಿಯಲ್ಲೋ! ರಕ್ತ ನಿಂದ್ರವಲ್ದು," ಎಂದಳು ಗಾಳೆಮ್ಮ.

ಅವನು ಅಂಚಿನಿಂದಲೇ ಶುರುಮಾಡಿದ. ಬೋಲ್ಟು ಸಿಗಬೇಕಾದಲ್ಲಿ ನುಣ್ಣಗಿನ ಕಬ್ಬಿಣ ಸಿಕ್ಕಿತು. ಇನ್ನೊಂದು ಮಗ್ಗುಲಲ್ಲೂ ಅಷ್ಟೇ. ಕೊನೆಗೆ ನಡುವಿನ ಮಣ್ಣು ಹೆಂಟೆಯಾಗಿ ಕಳಚಿ ಬಿತ್ತು. ಒಂದು ದಪ್ಪ ನಟ್ಟು. ಅದರೊಳಗೆ ತುದಿ ಬಾಗಿಸಿದ ಪಿನ್ನು. ಯಂಕೋಬ ಎದ್ದು ನಿಂತ.

"ಹೋಗೂದು ಆಗಂಗಿಲ್ರಿ ಧಣಿ. ಏರು ದಾಟಿದ್ರ ಹಳ್ಳದ ಇಳಿಜಾರು. ಅಲ್ಲಿ ಗಾಲಿ ಕಳಚತೈತಿ."

"ನನ್ನ ಜೀಪು ನನಗ ಗೊತ್ತಿಲ್ಲೇನು?" ದೇವೇಂದ್ರಪ್ಪ ತಾನೇ ಸ್ಟೇರಿಂಗಿನ ಮುಂದೆ ಹತ್ತಿ ಕೂತ. ಯಂಕೋಬ ಕೈ ಚಾಚಿ ಕೀಲಿ ಕಿತ್ತುಕೊಂಡ. ತಾನು ಹಾಗೆ ಮಾಡಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ.

"ಕೀಲಿ ಕೊಡಲೇ ಮಗನ!"

"ಕೊಡಂಗಿಲ್ರಿ."

"ನಿನ್ನ ಕಾಲಿಗೆ ಬೀಳ್ತೀನೋ ಅಣ್ಣಾ, ಹೊಡಿಯೋ," ಗಾಳೆಮ್ಮ ಅಳತೊಡಗಿದಳು.

ಯಂಕೋಬ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಮಿಸ್ತ್ರಿಯ ಮಾತೇ ತಪ್ಪಿದ್ದರೆ? ತನ್ನ ಹಟದಿಂದಲೇ ಮಾರೆಪ್ಪ ಇಲ್ಲಿ ಸತ್ತರೆ? ಮುಂದಿನ ಚಕ್ರಗಳಿಗೂ ಕಲ್ಲು ಕೊಟ್ಟು, ಜಾಕು ಇಟ್ಟು ಹಿಂದಿನ ಬಲಗಡೆಯನ್ನು ಎತ್ತಿದ. ಟೈರು ನೆಲ ಬಿಟ್ಟಿತೋ ಇಲ್ಲವೋ, ಚಕ್ರದ ಮೇಲ್ಭಾಗ ಮೆಲ್ಲಗೆ ಹೊರಗೆ ವಾಲಿತು. ಯಂಕೋಬ ಬೆರಳಿನಿಂದ ಮುಟ್ಟಿದ. ಅದು ಇನ್ನಷ್ಟು ವಾಲಿತು.

ಇಳಿದು ಬಂದ ದೇವೇಂದ್ರಪ್ಪ ಅದನ್ನೇ ನೋಡುತ್ತ ನಿಂತ.

"ಹಳೇ ನಮೂನಿ ಸಿಗವಲ್ದು, ಬ್ಯಾರೇದು ಹಾಕ್ತೀನಿ ಅಂದಿದ್ದ ಮಿಸ್ತ್ರಿ," ಎಂದ ತಗ್ಗಿದ ದನಿಯಲ್ಲಿ. "ಯಾವುದಾರ ಹಾಕು ಅಂದವ ನಾನ."

ಯಂಕೋಬ ಆಗಲೇ ಜಾಕು ಇಳಿಸಿ, ಮಾರೆಪ್ಪನನ್ನು ಸೀಟಿನ ಸಮೇತ ಹೊತ್ತೊಯ್ಯಲು ಅದರ ಬೋಲ್ಟು ಬಿಚ್ಚುತ್ತಿದ್ದ. "ಹಳ್ಳದಾಚೆ ಡಾಂಬರ ರಸ್ತಾ ಐತ್ರಿ. ಸಿದ್ದಾಪುರದ ಭತ್ತದ ಲಾರಿ ತಿರಗತಾವು. ಒಂದು ಮೈಲಿ ಹೊತಗೊಂಡು ಹೋಗಬೇಕು. ನಾವಿಬ್ರ ಅದೀವಿ."

ದೇವೇಂದ್ರಪ್ಪ ರುಮಾಲು ಬಿಚ್ಚಿ ಅಂಗೈಗೆ ಸುತ್ತಿಕೊಂಡು ಸೀಟನ್ನು ತಲೆಯ ಕಡೆ ಹಿಡಿದ, ಯಂಕೋಬ ಕಾಲಿನ ಕಡೆ. ಏರು ಹತ್ತಿ, ಇಳಿಜಾರು ಇಳಿದು, ಒಣಗಿದ ಹಳ್ಳದ ಗುಂಡುಕಲ್ಲುಗಳ ಮೇಲೆ ಕಾಲಿಡುತ್ತ ನಡೆದರು. ಗಾಳೆಮ್ಮ ಬಟ್ಟೆಯ ಮೇಲಿನ ಕೈ ತೆಗೆಯದೆ ಪಕ್ಕದಲ್ಲೇ ಅರ್ಧ ಬಗ್ಗಿ ಓಡಿದಳು. ಎರಡು ಸಲ ಯಂಕೋಬನೇ ಇಳಿಸೋಣವೆಂದ. ಒಮ್ಮೆಯೂ ದೇವೇಂದ್ರಪ್ಪ ಅನ್ನಲಿಲ್ಲ. ಮೊದಲ ಲಾರಿ ನಿಲ್ಲಲಿಲ್ಲ. ಎರಡನೆಯದಕ್ಕೆ ದೇವೇಂದ್ರಪ್ಪ ರಸ್ತೆಯ ನಟ್ಟನಡುವೆ ಕೈ ಚಾಚಿ ನಿಂತ.

ಸಂಜೆ ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, "ಜೀವಕ್ಕ ಅಂಜಬ್ಯಾಡ್ರಿ. ಕಾಲಿನ ಮಾತು ನಾಳೆ ಹೇಳ್ತೀನಿ," ಎಂದರು.

ಯಂಕೋಬ ಮೂರು ಚಹಾ ತಂದ. ದೇವೇಂದ್ರಪ್ಪ ಕಪ್ಪು ಹಿಡಿಯಲು ಹೋದ, ಆಗಲಿಲ್ಲ. ಎರಡೂ ಅಂಗೈಗಳ ಚರ್ಮ ಸುಲಿದು ಬಂದಿತ್ತು. ಬೆಂಚಿನ ಆ ತುದಿಯಲ್ಲಿದ್ದ ಗಾಳೆಮ್ಮ ಅವನ ಮುಖ ನೋಡದೆ ಆ ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದಳು. ಆರಲೆಂದು ಒಂದೆರಡು ಸಲ ಊದಿ, ಅವನ ಕಡೆ ಸರಿಸಿ, ಮುಚ್ಚಿದ ಬಾಗಿಲಿನತ್ತ ತಿರುಗಿ ಕೂತಳು.