ಇಂಟು ಗುರುತಿನ ಕುರ್ಚಿ

ಕುರ್ಚಿ ಮುರಿದರೆ ಚಪ್ಪಾಳೆ ನಟನಿಗೆ, ಮುರಿಯದಿದ್ದರೆ ಬೈಗುಳ ನನಗೆ. ಸಣ್ಣ ನಾಟಕ ತಂಡದಲ್ಲಿ ಪರದೆಯ ಹಿಂದೆ ದುಡಿಯುವವಳ ಹಣೆಬರಹ ಇಷ್ಟೇ. ಎಲ್ಲ ಸರಿಯಾಗಿ ನಡೆದ ದಿನ ನಾನೊಬ್ಬಳು ಇದ್ದೇನೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಎಡವಟ್ಟಾದ ದಿನ ಎಲ್ಲರಿಗೂ ನನ್ನ ನೆನಪು ಬರುತ್ತದೆ.

ತಂಡ ನಮ್ಮ ಭಾವನದು, ಅಂದರೆ ಅಕ್ಕನ ಗಂಡನದು. ನಾಟಕ ಬರೆಯುವವರು ಅವರು, ಆಡಿಸುವವರು ಅವರು, ಕೂಗಾಡುವವರೂ ಅವರೇ. ಅಕ್ಕ ಬಾಗಿಲಲ್ಲಿ ಕೂತು ಟಿಕೆಟ್ ಹರಿಯುತ್ತಾಳೆ. ಮೇಜು, ಕುರ್ಚಿ, ಸುಳ್ಳು ಮೀಸೆ, ಗೋಡೆಯಿಲ್ಲದ ಬಾಗಿಲು, ಇವೆಲ್ಲ ನನ್ನ ತಲೆಗೆ. ಒಂದು ಕಾಲಕ್ಕೆ ಟೈರು ತುಂಬಿಡುತ್ತಿದ್ದ ತಗಡಿನ ಗೋದಾಮೇ ನಮ್ಮ ರಂಗಮಂದಿರ. ಬಿಸಿಲು ಜೋರಾದರೆ ಇವತ್ತಿಗೂ ರಬ್ಬರ್ ವಾಸನೆ ಹೊಡೆಯುತ್ತದೆ. ಭಾವ ಅದನ್ನು ‘ಆಪ್ತ ರಂಗಮಂದಿರ’ ಅನ್ನುತ್ತಾರೆ. ಎಷ್ಟು ಆಪ್ತ ಅಂದರೆ, ಮೊದಲ ಸಾಲಿನವರು ಕಾಲು ಚಾಚಿದರೆ ನಾಯಕ ಎಡವುತ್ತಾನೆ.

ಈ ಸಲದ ನಾಟಕ ಕುರ್ಚಿ ಬಿಡದ ಅಧ್ಯಕ್ಷನೊಬ್ಬನ ಕಥೆ. ಕೊನೆಯಲ್ಲಿ ಅವನು ‘ನಾನು ಎದ್ದರೆ ಈ ಊರೇ ಬಿದ್ದುಹೋಗುತ್ತೆ’ ಎಂದು ಅಬ್ಬರಿಸಿ ಧೊಪ್ಪೆಂದು ಕೂರುತ್ತಾನೆ. ಕುರ್ಚಿ ಕಟಕ್ ಎಂದು ಮುರಿಯುತ್ತದೆ, ಅಧ್ಯಕ್ಷ ಅಂಗಾತ ಬೀಳುತ್ತಾನೆ, ದೀಪ ಆರುತ್ತದೆ. ಅಲ್ಲಿಗೆ ನಾಟಕ ಮುಗಿಯಿತು. ಅಧ್ಯಕ್ಷನ ಪಾತ್ರ ಮಾಡುವವನನ್ನು ನಾವೆಲ್ಲ ಗುಡುಗು ಅಂತಲೇ ಕರೆಯುವುದು. ದನಿಯೂ ಹಾಗೇ, ದೇಹವೂ ಹಾಗೇ.

ಗಟ್ಟಿ ಕುರ್ಚಿ ಮಾಡುವುದಕ್ಕಿಂತ ಮುರಿಯುವ ಕುರ್ಚಿ ಮಾಡುವುದು ಕಷ್ಟ. ಮುಟ್ಟಿದರೆ ಬೀಳಬಾರದು, ಕೂತರೆ ನಿಲ್ಲಬಾರದು. ಬಿದ್ದವನ ಬೆನ್ನಿಗೆ ಸಿಬಿರು ಚುಚ್ಚಬಾರದು. ಮರುದಿನ ಅದೇ ಕುರ್ಚಿ ಅದೇ ಜಾಗದಲ್ಲಿ ಮತ್ತೆ ಮುರಿಯಬೇಕು. ಹಿಂದಿನ ಎರಡು ಕಾಲನ್ನು ನಡುವೆ ಗರಗಸದಿಂದ ಕತ್ತರಿಸಿ, ಒಳಗೆ ತೆಳ್ಳನೆಯ ಬಿದಿರು ಕಡ್ಡಿ ಕೂರಿಸಿ ಜೋಡಿಸಿದ್ದೆ. ಪ್ರತಿ ಪ್ರದರ್ಶನಕ್ಕೂ ಹೊಸ ಕಡ್ಡಿ. ಯಾವ ಕಡ್ಡಿ ಗುಡುಗಿನ ಭಾರಕ್ಕೆ ಸರಿಯಾಗಿ ಸೋಲುತ್ತದೆ ಎಂದು ಕಂಡುಹಿಡಿಯುವಷ್ಟರಲ್ಲಿ ಅವನು ನೆಲಕ್ಕೆ ಬಿದ್ದೂ ಬಿದ್ದೂ ನನ್ನ ಜೊತೆ ಮಾತು ಬಿಟ್ಟಿದ್ದ.

ಅದರ ಜೊತೆಗೇ, ನೋಡಲು ತದ್ರೂಪವಾದ ಗಟ್ಟಿ ಕುರ್ಚಿಯೊಂದಿತ್ತು. ನಾಟಕದುದ್ದಕ್ಕೂ ಅಧ್ಯಕ್ಷ ಕೂರುವುದು ಅದರ ಮೇಲೆ. ಕೊನೆಯ ದೃಶ್ಯಕ್ಕೆ ಮುಂಚೆ ಕತ್ತಲಾದಾಗ ನಾನು ನುಸುಳಿ ಹೋಗಿ ಬದಲಾಯಿಸಬೇಕು. ಯಾವುದು ಯಾವುದೆಂದು ತಿಳಿಯಲು ಸುಳ್ಳು ಕುರ್ಚಿಯ ಕೆಳಗೆ ಸೀಮೆಸುಣ್ಣದಲ್ಲಿ ಒಂದು ಇಂಟು ಗುರುತು ಹಾಕಿದ್ದೆ. ಯೋಚಿಸಿ ಹಾಕಿದ್ದಲ್ಲ, ಕೈ ತಾನಾಗಿ ಹಾಕಿತು.

ಇನ್ನು ಅಪ್ಪನ ವಿಷಯ. ನಾನೂ ಅಪ್ಪನೂ ಒಂದೇ ಮನೆಯಲ್ಲಿ ಇರುವುದು. ಅಪ್ಪ ಬಡಗಿ. ಉಳಿ ಹಿಡಿಯುವುದನ್ನು ನಾನು ಕಲಿತದ್ದು ಅವನಿಂದಲೇ. ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿದ. ಆದರೆ ಸಣ್ಣ ಸಾಮಾನಿನ ಚೀಲ ಮಾತ್ರ ಹೆಗಲಿನಿಂದ ಇಳಿಯಲಿಲ್ಲ. ಆಸ್ಪತ್ರೆಗೆ ಹೋದರೂ ಅದು ಜೊತೆಗೆ. ಅಂಗಡಿ ಇದ್ದಾಗ ಯಾರಾದರೂ ಒಂದು ಮಂಚ ಬೇಕೆಂದು ಬಂದರೆ ಅವರ ಪ್ರಾಣ ತಿನ್ನುತ್ತಿದ್ದ. ಯಾರು ಮಲಗೋದು, ಯಾವ ಮಗ್ಗುಲಿಗೆ ಏಳ್ತಾರೆ, ಮಕ್ಕಳು ಮೇಲೆ ಕುಣೀತಾರಾ. ಕೆಲಸಕ್ಕೆ ಮರ್ಯಾದೆ ಕೊಡುವುದೆಂದರೆ ಅವನಿಗೆ ಪ್ರಶ್ನೆ ಕೇಳುವುದು. ನನ್ನ ಕೆಲಸದ ಬಗ್ಗೆ ಇಷ್ಟು ವರ್ಷದಲ್ಲಿ ಅವನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ‘ಹಿಂದೆ ಗೋಡೇನೇ ಇಲ್ಲದ ಬಾಗಿಲಿಗೆ ಚಿಲಕ ಯಾಕೆ’ ಎಂದು ಒಮ್ಮೆ ನಕ್ಕಿದ್ದ. ಅದನ್ನು ಪ್ರಶ್ನೆ ಅಂತ ಲೆಕ್ಕಕ್ಕೆ ಹಿಡಿಯಲು ನನಗೆ ಮನಸ್ಸಾಗಲಿಲ್ಲ.

ನಾಟಕಕ್ಕೂ ಬಂದವನಲ್ಲ. ಮೊಣಕಾಲು ನೋವು, ಸೊಳ್ಳೆ, ಕಣ್ಣು ಮಂಜು, ಪ್ರತಿ ಸಲ ಒಂದು ನೆಪ. ಈ ಸಲ ನಾನು ಬಿಡಲಿಲ್ಲ. ಆ ಕುರ್ಚಿ ಮುರಿಯುವುದನ್ನು ಅವನು ನೋಡಬೇಕಿತ್ತು. ಒಂದೇ ಸಲ, ಅವನ ಕಣ್ಣೆದುರಿಗೆ, ನನ್ನ ಕೆಲಸ ಕಟಕ್ ಅನ್ನಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ, ಬೇರೆ ಯಾರ ಚಪ್ಪಾಳೆಯೂ ಅಲ್ಲ. ಏನು ನೋಡಬೇಕೆಂದು ಮೊದಲೇ ಹೇಳಿದರೆ ಮಜಾ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ನಾನು ಗುಟ್ಟು ಕಾಪಾಡಿದ್ದು ಅದೊಂದೇ ಸಲ, ಅದಕ್ಕೆ ಸರಿಯಾಗಿ ಅನುಭವಿಸಿದೆ.

ಆ ದಿನ ಬೆಳಿಗ್ಗೆಯೇ ಹೊಸ ಕಡ್ಡಿ ಕೂರಿಸಿ, ಸುಳ್ಳು ಕುರ್ಚಿಯನ್ನು ಕಪ್ಪು ಬಟ್ಟೆಯ ಹಿಂದೆ ಮಗುಚಿ ಇಟ್ಟೆ. ಅಷ್ಟರಲ್ಲಿ ಭಾವನ ಕರೆ.

“ಗುಡುಗಿನ ವಿಗ್ ನೋಡಿದ್ಯಾ? ಅದು ಅಧ್ಯಕ್ಷನ ತಲೆ ಥರ ಇಲ್ಲ. ಬೇರೆ ತಗೊಂಡು ಬಾ.”

“ಇಷ್ಟು ದಿನ ಅದೇ ತಲೇಲಿ ಆಡಿದ್ದಾನಲ್ಲ ಭಾವ.”

“ಇವತ್ತು ನನ್ನ ಕಣ್ಣಿಗೆ ಬಿತ್ತು.”

ಭಾವನ ಕಣ್ಣಿಗೆ ಯಾವುದೂ ಪ್ರದರ್ಶನದ ದಿನವಲ್ಲದೆ ಬೀಳುವುದಿಲ್ಲ. ಊರೆಲ್ಲ ಅಲೆದು, ಬಾಡಿಗೆಗೆ ವಿಗ್ ಕೊಡುವವನ ಮನೆ ಹುಡುಕಿ, ಅವನು ಊಟ ಮುಗಿಸಿ ಏಳುವವರೆಗೆ ಕಾದು, ವಾಪಸು ಬರುವಷ್ಟರಲ್ಲಿ ಸಂಜೆಯಾಗಿತ್ತು. ವಿಗ್ ನೋಡಿ ಭಾವ “ಹಳೇದೇ ವಾಸಿ” ಅಂದರು. ಆ ಗಳಿಗೆಯಲ್ಲಿ ಅದನ್ನು ಅವರ ಬಾಯಿಗೇ ತುರುಕಬೇಕು ಅನ್ನಿಸಿತು. ತುರುಕಲಿಲ್ಲ, ಅಕ್ಕನ ಮುಖ ನೋಡಿ ಸುಮ್ಮನಾದೆ.

ಕಪ್ಪು ಬಟ್ಟೆಯ ಹಿಂದೆ ಹೋದರೆ ಅಪ್ಪ. ಬಸ್ಸು ಹಿಡಿಯುವುದಿದ್ದರೂ ಗಂಟೆಗಟ್ಟಲೆ ಮೊದಲೇ ನಿಲ್ದಾಣದಲ್ಲಿರುವ ಆಸಾಮಿ, ಮಧ್ಯಾಹ್ನವೇ ಬಂದು ಕೂತಿದ್ದನಂತೆ. ಮಡಿಲಿನ ಹುಡಿ ಕೊಡವಿಕೊಳ್ಳುತ್ತಿದ್ದ. ಮುಖದಲ್ಲಿ ಅಪರೂಪದ ಕಳೆ.

“ಕೆಲಸ ಆಯ್ತು ಕಣೇ,” ಅಂದ.

ಮಧ್ಯಾಹ್ನದ ಊಟದ ಬಗ್ಗೆಯೋ ಏನೋ ಹೇಳುತ್ತಿದ್ದಾನೆ ಅಂದುಕೊಂಡೆ. “ಸರಿ, ಹೊರಗೆ ಹೋಗಿ ಮುಂದಿನ ಸಾಲಲ್ಲಿ ಕೂತ್ಕೋ. ಕೊನೇವರೆಗೂ ಏಳಬೇಡ,” ಎಂದು ಅವನನ್ನು ಸಾಗಹಾಕಿದೆ. ಕುರ್ಚಿಯನ್ನು ಮತ್ತೊಮ್ಮೆ ನೋಡಲಿಲ್ಲ. ಬೆಳಿಗ್ಗೆ ನೋಡಿದ್ದೆನಲ್ಲ.

ನಾಟಕ ಚೆನ್ನಾಗಿಯೇ ನಡೆಯಿತು. ಕತ್ತಲಲ್ಲಿ ಕುರ್ಚಿ ಬದಲಾಯಿಸಿದೆ. ಸ್ವಲ್ಪ ಭಾರ ಅನ್ನಿಸಿತು. ನಾನೇ ದಣಿದಿದ್ದೇನೆ ಅಂದುಕೊಂಡೆ. ಬದಿಯಲ್ಲಿ ನಿಂತು ಅಪ್ಪನ ಮುಖವನ್ನೇ ನೋಡತೊಡಗಿದೆ. ಅವನು ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ ಕುರ್ಚಿಯನ್ನೇ ನೋಡುತ್ತಿದ್ದ.

“ನಾನು ಎದ್ದರೆ ಈ ಊರೇ ಬಿದ್ದುಹೋಗುತ್ತೆ!” ಗುಡುಗು ಕೂತ.

ಕುರ್ಚಿ ಕಮಕ್ ಕಿಮಕ್ ಅನ್ನಲಿಲ್ಲ.

ಗುಡುಗು ಒಮ್ಮೆ ನನ್ನ ಕಡೆ ಕಣ್ಣು ಹಾಯಿಸಿದ. ಎದ್ದ. “ಹೌದು, ಎದ್ದರೆ!” ಎಂದು ಮತ್ತೆ ಕುಕ್ಕರಿಸಿದ. ಏನೂ ಇಲ್ಲ. ಕೂತಲ್ಲೇ ಕುಪ್ಪಳಿಸಿದ. ಕುರ್ಚಿ ಕಿರ್ ಎಂದು ಕೂಡ ನರಳಲಿಲ್ಲ. ನಾನು ದೀಪದವನಿಗೆ ಕೈ ಬೀಸಿದೆ, ಆರಿಸು ಮಾರಾಯ, ಆರಿಸು. ಅವನು ತಲೆಯಾಡಿಸಿದ. ‘ಕಟಕ್ ಅಂದ್ರೆ ಮಾತ್ರ ಕತ್ತಲೆ’ ಎಂದು ಭಾವ ಅವನಿಗೆ ಕಟ್ಟಪ್ಪಣೆ ಮಾಡಿದ್ದರು. ಅವರ ಮಾತನ್ನು ತಂಡದಲ್ಲಿ ಚಾಚೂ ತಪ್ಪದೆ ಪಾಲಿಸಿದ್ದು ಅವನೊಬ್ಬನೇ, ಅದೂ ಅವತ್ತೇ. ಗುಡುಗು ರೇಗಿ ಕುರ್ಚಿಗೆ ಒದ್ದ. ಕುರ್ಚಿಗೆ ಏನೂ ಆಗಲಿಲ್ಲ, ಅವನು ಕಾಲು ಹಿಡಿದುಕೊಂಡು ಕುಂಟಿದ. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಹಿಂದಿನ ಸಾಲಿನಿಂದ ಭಾವನ ದನಿ ಬಂತು: “ಲೈಟ್ ಆರಿಸ್ರೋ ಕತ್ತೆಗಳಾ!”

ಜನ ಅದೂ ನಾಟಕದ್ದೇ ಮಾತೆಂದು ಚಪ್ಪಾಳೆ ತಟ್ಟಿದರು. ಎಲ್ಲರದೂ ನಿಂತ ಮೇಲೂ ಒಂದು ಚಪ್ಪಾಳೆ ಕೇಳಿಸುತ್ತಿತ್ತು. ಅದು ಅಪ್ಪನದು.

ಪರದೆಯ ಹಿಂದೆ ಕುರ್ಚಿಯನ್ನು ಮಗುಚಿ ಟಾರ್ಚ್ ಬಿಟ್ಟೆ. ಬಿದಿರು ಕಡ್ಡಿಯ ಜಾಗದಲ್ಲಿ ಹೆಬ್ಬೆರಳು ದಪ್ಪದ ಮರದ ಗೂಟ. ಅಂಟು ಹಚ್ಚಿ, ಬೆಣೆ ಬಡಿದು, ಕೂಡಿದ ಜಾಗವೇ ಕಾಣದಂತೆ ಉಜ್ಜಿ ನಯ ಮಾಡಿದ್ದ ಕೆಲಸ. ಆ ಕೈ ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದರ ಪಕ್ಕದಲ್ಲಿ ನನ್ನ ಇಂಟು ಗುರುತನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಕಲೆ.

ಆಗ ನನಗೆ ಹೊಳೆಯಿತು. ಅಪ್ಪನ ಅಂಗಡಿಯಲ್ಲಿ ರಿಪೇರಿಗೆ ಬಂದದ್ದಕ್ಕೆಲ್ಲ ಕೆಳಗೆ ಸೀಮೆಸುಣ್ಣದ ಇಂಟು ಗುರುತು ಹಾಕುತ್ತಿದ್ದೆವು. ಕೆಲಸ ಮುಗಿದ ಮೇಲೆ ಅಪ್ಪ ಅದನ್ನು ಒರೆಸುತ್ತಿದ್ದ. ಚಿಕ್ಕವಳಿದ್ದಾಗ ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ಅದಕ್ಕೇ ಕೈ ತಾನಾಗಿ ಹಾಕಿದ್ದು. ನನ್ನ ಕೈಗೆ ಬೆಂಕಿ ಬೀಳ.

“ಯಾವನು ಇದಕ್ಕೆ ಮೊಳೆ ಹೊಡೆದೋನು?” ಭಾವ ನುಗ್ಗಿ ಬಂದರು. ಹಿಂದೆಯೇ ಕುಂಟುತ್ತಾ ಗುಡುಗು.

ಅಷ್ಟರಲ್ಲಿ ಅಪ್ಪ ಚೀಲ ಹೆಗಲಿಗೇರಿಸಿಕೊಂಡು ಅಲ್ಲಿಗೇ ಬಂದ. “ಮೊಳೆ ಅಲ್ಲ ಅಳಿಯಂದ್ರೇ,” ಅಂದ. ದನಿಯಲ್ಲಿ ಸ್ವಲ್ಪ ಬೇಸರ. “ಮೊಳೆ ಹೊಡೆದಿದ್ರೆ ಈ ಪುಣ್ಯಾತ್ಮ ಕುಣಿದ ಕುಣಿತಕ್ಕೆ...”

“ನಾನೇ ಭಾವ,” ಎಂದು ನಡುವೆ ಬಾಯಿ ಹಾಕಿದೆ. “ನಾನೇ ಅಪ್ಪನ ಹತ್ರ ಗಟ್ಟಿ ಮಾಡಿಸಿದ್ದೆ. ಆ ಇನ್ನೊಂದು ಕುರ್ಚಿ ಅಂದ್ಕೊಂಡು ಇದನ್ನ ಕೊಟ್ಟುಬಿಟ್ಟೆ.”

“ನಿನ್ನ ತಲೇಲಿ ಏನಿದೆ? ನಾಟಕದ ಕೊನೇನೇ ಹಾಳು ಮಾಡಿದ್ಯಲ್ಲ.”

“ವಿಗ್ ತರೋಕೆ ಹೋಗಿದ್ದೆ,” ಅಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅಳು ಬರುತ್ತಿತ್ತು.

“ಮುಂದಿನ ನಾಟಕಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ,” ಅಂದರು ಭಾವ. ಯಾವಾಗಲೂ ಅನ್ನುವ ಮಾತು, ಆದರೆ ಅಪ್ಪನ ಮುಂದೆ ಯಾವತ್ತೂ ಅಂದಿರಲಿಲ್ಲ. ಅಪ್ಪ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದ. ಚಪ್ಪಾಳೆ ತಟ್ಟುವಾಗ ಇದ್ದ ಕಳೆ ಇಳಿದುಹೋಗಿತ್ತು.

ಮನೆಯ ದಾರಿಯಲ್ಲಿ ಅಪ್ಪ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದ. ನಾನು ಬೇಕೆಂದೇ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ಸಿಟ್ಟು ನೆತ್ತಿಗೇರಿತ್ತು. ತಿರುವಿನ ಹತ್ತಿರ ಅವನು ನಿಂತ.

“ಅದು ಮುರೀಬೇಕಿತ್ತಾ?”

“ಹೂಂ, ಮುರೀಬೇಕಿತ್ತು,” ಅಂದೆ. ತಡೆದದ್ದೆಲ್ಲ ಕಟ್ಟೆಯೊಡೆದು ಬಂತು. “ಮುರೀಲಿ ಅಂತಾನೇ ಮಾಡಿದ್ದು. ಅದನ್ನ ನೀನು ನೋಡ್ಲಿ ಅಂತಾನೇ ಕರೆಸಿದ್ದು. ನಾನು ಏನು ಮಾಡಿದ್ರೂ ನಿನಗೆ ತಮಾಷೆ. ಇವತ್ತೊಂದಿನ ನೋಡ್ತೀಯ ಅಂದ್ಕೊಂಡ್ರೆ, ಅದನ್ನೂ ಸರಿ ಮಾಡಿಬಿಟ್ಟೆ. ನಿನ್ನ ಯಾರು ಕೇಳಿದ್ರು ಅಪ್ಪಾ? ಯಾರು ಕೇಳಿದ್ರು?”

ಅಪ್ಪ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ.

“ಗುರುತು ಹಾಕಿದ್ಯಲ್ಲ,” ಅಂದ. “ಅಂಗಡಿ ಮುಚ್ಚಿದ ಮೇಲೆ ಯಾರೂ ಏನೂ ಕೊಟ್ಟಿರ್ಲಿಲ್ಲ. ನನಗೋಸ್ಕರ ಎತ್ತಿಟ್ಟಿದ್ದೀಯ ಅಂದ್ಕೊಂಡೆ.”

ಉಳಿದ ದಾರಿಯಲ್ಲಿ ಅವನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದೆ.

ಮರುದಿನವೂ ಪ್ರದರ್ಶನವಿತ್ತು. ಬೆಳಿಗ್ಗೆ ಗೋದಾಮಿಗೆ ಹೋಗಿ ಆ ಗೂಟ ಬಿಚ್ಚಲು ನೋಡಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗರಗಸವನ್ನೇ ಹಾಕಬೇಕಿತ್ತು. ಹಾಕಲು ಕೈ ಬರಲಿಲ್ಲ. ಹಾಳಾಗಿ ಹೋಗಲಿ ಎಂದು, ಇಷ್ಟು ದಿನ ಅಧ್ಯಕ್ಷ ಕೂರುತ್ತಿದ್ದ ಗಟ್ಟಿ ಕುರ್ಚಿಯ ಹಿಂದಿನ ಕಾಲುಗಳನ್ನೇ ಕತ್ತರಿಸಿದೆ. ಇನ್ನು ಮೇಲೆ ಅವನು ಕೂರುವುದು ಅಪ್ಪನ ಕುರ್ಚಿಯ ಮೇಲೆ, ಬೀಳುವುದು ಇದರಿಂದ.

ಕತ್ತರಿಸಿದ್ದನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ತಂದೆ. ಅಪ್ಪ ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದ, ಅಥವಾ ಓದುವ ಹಾಗೆ ಹಿಡಿದುಕೊಂಡಿದ್ದ. ನಾನು ಸೀಮೆಸುಣ್ಣ ತೆಗೆದು, ಕುರ್ಚಿಯ ಕೆಳಗೆ ಒಂದು ಇಂಟು ಗುರುತು ಎಳೆದು, ಅವನ ಮುಂದೆ ಮಗುಚಿ ಇಟ್ಟೆ. ಬಿದಿರು ಕಡ್ಡಿಗಳ ಕಟ್ಟನ್ನು ಪಕ್ಕದಲ್ಲಿಟ್ಟೆ.

“ಸಂಜೆ ಹೊತ್ತಿಗೆ ಬೇಕು,” ಅಂದೆ. “ಮುರೀಬೇಕು.”

ಅಪ್ಪ ಪೇಪರ್ ಮಡಚಿದ. ಕತ್ತರಿಸಿದ ಕಾಲನ್ನು ಬೆರಳಲ್ಲಿ ಸವರಿ, “ಗರಗಸ ಸೊಟ್ಟ ಹೋಗಿದೆ,” ಅಂದ. ನನಗೆ ಮತ್ತೆ ಪಿತ್ತ ಕೆದರಿತು. ಏನೋ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಒಂದು ಕಡ್ಡಿ ಎತ್ತಿಕೊಂಡು, ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿದ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ.

“ಕೂರೋನು ಎಷ್ಟು ತೂಕ ಇದ್ದಾನೆ?”